ಟೆಕ್ಮೆಸಾಳ ಮೌನ

ಹಳೆಯ ದುರಂತ ಕಥೆಗಳನ್ನು, ಅವುಗಳ ಅಂಚಿನಲ್ಲಿ ನಿಂತ ಹೆಣ್ಣಿನ ಕಣ್ಣಿನಿಂದ ಮತ್ತೊಮ್ಮೆ ಹೇಳುವ ಪದ್ಧತಿ ಈಚಿನ ದಶಕಗಳಲ್ಲಿ ಬಹಳ ಬಳಕೆಗೆ ಬಂದಿದೆ. ಜರ್ಮನ್ ಲೇಖಕಿ ಕ್ರಿಸ್ಟಾ ವೋಲ್ಫ್ 1983ರಲ್ಲಿ ಕಸಾಂಡ್ರಳ ಬಾಯಿಂದ ಟ್ರಾಯ್ ನಗರದ ಪತನವನ್ನು ಹೇಳಿಸಿದರು. ಕೆನಡಾದ ಮಾರ್ಗರೆಟ್ ಅಟ್‌ವುಡ್ 2005ರಲ್ಲಿ ಒಡಿಸ್ಯೂಸನ ಮಡದಿ ಪೆನೆಲೊಪಿಗೂ, ನೇಣಿಗೆ ಕೊರಳೊಡ್ಡಿದ ಹನ್ನೆರಡು ಮಂದಿ ದಾಸಿಯರಿಗೂ ಮಾತು ಕೊಟ್ಟರು. ಇಂಗ್ಲೆಂಡಿನ ಪ್ಯಾಟ್ ಬಾರ್ಕರ್ 2018ರಲ್ಲಿ ಸೆರೆಯಾಳು ಬ್ರಿಸೀಯಿಸಳಿಂದ ಇಲಿಯಡ್ ಮಹಾಕಾವ್ಯದ ಕಥೆಯನ್ನು ಹೇಳಿಸಿದರು. ನಮ್ಮಲ್ಲಿ 1979ರಷ್ಟು ಹಿಂದೆಯೇ ಎಸ್.ಎಲ್. ಭೈರಪ್ಪನವರ ‘ಪರ್ವ’ದಲ್ಲಿ ಕುಂತಿ, ದ್ರೌಪದಿಯರು ತಮ್ಮ ನೆನಪಿನ ಒಳಗಿನಿಂದ ಭಾರತದ ಕಥೆಯನ್ನು ಕಂಡುಕೊಂಡರು.

ಇಂತಹ ಪ್ರಯತ್ನಕ್ಕೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳೂ ಕೈ ಹಾಕಿದ್ದಾಳೆ. ಬಿ.ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ ನಾಟಕವನ್ನೂ, ಅದರ ಮೂಲವಾದ ಗ್ರೀಕ್ ಕವಿ ಸೊಫೊಕ್ಲೀಸನ ‘ಏಜಾಕ್ಸ್’ ನಾಟಕವನ್ನೂ ಎದುರಿಗಿಟ್ಟುಕೊಂಡು, ಕಥಾನಾಯಕನ ಮಡದಿಯೊಬ್ಬಳೇ ಮಾತಾಡುವ ಏಕವ್ಯಕ್ತಿ ನಾಟಕವೊಂದನ್ನು ಬರೆದು ನನ್ನ ಅಭಿಪ್ರಾಯಕ್ಕೆಂದು ಕಳುಹಿಸಿದ್ದಾಳೆ. ಭಾಷೆ ಚೆನ್ನಾಗಿದೆ, ಆವೇಶವೂ ಇದೆ. ಆದರೆ ಕೊನೆಯಲ್ಲಿ ಆ ಹೆಣ್ಣು ಗಂಡನ ಶವದ ಮುಂದೆ ನಿಂತು ಅವನನ್ನು ಶಪಿಸಿ, ಶವವನ್ನು ಬಿದ್ದಲ್ಲಿಯೇ ಬಿಟ್ಟು, ತಲೆಯೆತ್ತಿ ನಡೆದುಹೋಗುತ್ತಾಳೆ. ಓದಿ ಮುಗಿಸಿದಾಗ ನನಗೆ ಸಮಾಧಾನವಾಗಲಿಲ್ಲ. ಏಕೆ ಆಗಲಿಲ್ಲವೆಂಬುದನ್ನು, ಅವಳ ಒಪ್ಪಿಗೆಯನ್ನು ಪಡೆದು, ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಮೊದಲು ಶ್ರೀಯವರ ನಾಟಕದ ಮಾತು. 1929ರಲ್ಲಿ ಹೊರಬಂದ ಈ ನಾಟಕದಲ್ಲಿ ಅವರು ಗ್ರೀಕ್ ವೀರ ಏಜಾಕ್ಸನ ಸ್ಥಾನದಲ್ಲಿ ದ್ರೋಣಪುತ್ರನನ್ನು ನಿಲ್ಲಿಸಿದರು. ಚಿರಂಜೀವಿಯೆಂದು ನಾವು ನಂಬಿದ ಅಶ್ವತ್ಥಾಮನನ್ನು ರಂಗದ ಮೇಲೆ ಸಾಯಿಸಬಹುದೇ ಎಂಬ ಚರ್ಚೆ ಬಹಳ ನಡೆದಿದೆ. ಆ ಚರ್ಚೆಯ ನಡುವೆ ಇನ್ನೊಂದು ಸಂಗತಿ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ನಾವೆಲ್ಲ ಕೇಳಿ ಬೆಳೆದ ಭಾರತದ ಕಥೆಯಲ್ಲಿ ಅಶ್ವತ್ಥಾಮನ ಪಕ್ಕದಲ್ಲಿ ಹೆಂಡತಿಯೆಂಬುವಳು ಕಾಣಿಸುವುದೇ ಇಲ್ಲ. ಶ್ರೀಯವರ ಭಾರ್ಗವಿ ಗ್ರೀಸಿನಿಂದ ನಡೆದು ಬಂದವಳು. ಸೊಫೊಕ್ಲೀಸನ ಟೆಕ್ಮೆಸಾಳೇ ಆಕೆಯ ಮೂಲ. ಆದ್ದರಿಂದ ಆಕೆಯನ್ನು ತಿಳಿಯಬೇಕಾದರೆ ತವರಿಗೇ ಹೋಗಿ ವಿಚಾರಿಸುವುದು ಮೇಲು.

ಕಥೆ ಮರೆತವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಟ್ರಾಯ್ ಯುದ್ಧದಲ್ಲಿ ಅಕಿಲೀಸನು ಮಡಿದ ಮೇಲೆ ಅವನ ಆಯುಧಗಳು ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಬಂತು. ಅವನ ನಂತರದ ಮಹಾವೀರ ತಾನೇ ಎಂದು ಸಲಾಮಿಸ್ ದ್ವೀಪದ ಏಜಾಕ್ಸ್ ನಂಬಿದ್ದ. ತೀರ್ಪು ಒಡಿಸ್ಯೂಸನ ಪರವಾಯಿತು. ಕೋಪದಿಂದ ಕುದಿದ ಏಜಾಕ್ಸ್ ತನ್ನ ಕಡೆಯ ನಾಯಕರನ್ನೇ ಕೊಲ್ಲಲು ರಾತ್ರಿ ಖಡ್ಗ ಹಿಡಿದು ಹೊರಟ. ದೇವಿ ಅಥೀನಾ ಅವನ ಬುದ್ಧಿಯನ್ನು ಭ್ರಮೆಗೊಳಿಸಿದಳು. ಶತ್ರುಗಳೆಂದು ತಿಳಿದು ಅವನು ಕೊಂದದ್ದು ಸೇನೆಯ ದನಕುರಿಗಳನ್ನು ಮತ್ತು ಅವುಗಳ ಕಾವಲುಗಾರರನ್ನು. ಭ್ರಮೆ ಇಳಿದ ಮೇಲೆ ಆ ಅವಮಾನವನ್ನು ತಾಳಲಾರದೆ, ಒಮ್ಮೆ ಹೆಕ್ಟರ್ ಕಾಣಿಕೆಯಾಗಿ ಕೊಟ್ಟಿದ್ದ ಖಡ್ಗವನ್ನು ಕಡಲ ತೀರದಲ್ಲಿ ನೆಟ್ಟು, ಅದರ ಮೇಲೆ ಬಿದ್ದು ಪ್ರಾಣ ಬಿಟ್ಟ. ನಾಟಕ ಅಲ್ಲಿಗೆ ಮುಗಿಯುವುದಿಲ್ಲ. ಅವನ ಶವಕ್ಕೆ ಸಂಸ್ಕಾರ ಸಲ್ಲಬೇಕೋ ಬೇಡವೋ ಎಂಬ ವಾದ ಕೊನೆಯವರೆಗೂ ನಡೆಯುತ್ತದೆ. ಒಡಿಸ್ಯೂಸನೇ ಮಧ್ಯೆ ಬಂದು, ವೈರವನ್ನು ಮರೆತು, ಸಂಸ್ಕಾರಕ್ಕೆ ಒಪ್ಪಿಗೆ ದೊರಕಿಸುತ್ತಾನೆ.

ಈ ಕಥೆಯಲ್ಲಿ ಟೆಕ್ಮೆಸಾ ಯಾರು? ಫ್ರಿಜಿಯಾ ದೇಶದ ಟೆಲ್ಯೂಟಾಸನ ಮಗಳು. ಸಂಪನ್ನ ಮನೆಯಲ್ಲಿ ಸ್ವತಂತ್ರಳಾಗಿ ಹುಟ್ಟಿದವಳು. ಏಜಾಕ್ಸ್ ಅವಳ ನಾಡನ್ನು ಈಟಿಯಿಂದ ಗೆದ್ದು ನಾಶಮಾಡಿ ಅವಳನ್ನು ಸೆರೆ ತಂದ. ಅವನ ಶಯ್ಯೆಯನ್ನು ಹಂಚಿಕೊಂಡಳು, ಯೂರಿಸಾಕೀಸ್ ಎಂಬ ಮಗನನ್ನು ಹೆತ್ತಳು. ಇಲಿಯಡ್ ಕಾವ್ಯದಲ್ಲಿ ಏಜಾಕ್ಸನ ಸಾಹಸಗಳಿಗೆ ಲೆಕ್ಕವಿಲ್ಲ. ಟೆಕ್ಮೆಸಾಳ ಹೆಸರು ಮಾತ್ರ ಅಲ್ಲಿ ಒಮ್ಮೆಯೂ ಬರುವುದಿಲ್ಲ.

ಆದರೂ ಆ ಭಯಂಕರ ರಾತ್ರಿ ಬಿಡಾರದಲ್ಲಿ ನಡೆದದ್ದನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ದೀಪಗಳು ಆರಿದ ಹೊತ್ತಿನಲ್ಲಿ ಗಂಡ ಖಡ್ಗ ಹಿರಿದಾಗ, ಯಾರೂ ಕರೆಕಳಿಸಿಲ್ಲ, ಕಹಳೆ ಊದಿಲ್ಲ, ಎಲ್ಲರೂ ಮಲಗಿರುವಾಗ ಎಲ್ಲಿಗೆ ಹೊರಟೆ ಎಂದು ಕೇಳಿದವಳು ಅವಳು. ಅವನು ಕೊಟ್ಟ ಉತ್ತರ, ಸುಮ್ಮನಿರುವುದೇ ಹೆಣ್ಣಿಗೆ ಭೂಷಣ ಎಂಬರ್ಥದ ಒಂದು ಹಳಸಲು ಮಾತು. ಅವಳು ಬಾಯಿ ಮುಚ್ಚಿಕೊಂಡಳು, ಅವನು ಹೊರಟುಹೋದ. ಇದರ ಮುಂದಿನ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ಸುಮಾರು ನೂರು ವರ್ಷಗಳ ತರುವಾಯ ಅರಿಸ್ಟಾಟಲನು ತನ್ನ ರಾಜನೀತಿ ಗ್ರಂಥದ ಮೊದಲ ಭಾಗದಲ್ಲಿ ಹೆಣ್ಣಿನ ಗುಣವನ್ನು ನಿರೂಪಿಸಲು ಇದೇ ಸಾಲನ್ನು ಕವಿವಾಣಿಯೆಂದು ಒಪ್ಪಿಗೆಯಿಂದ ಉದಾಹರಿಸಿದ. ಕೊಲೆಗೆ ಹೊರಟವನೊಬ್ಬ, ಸರಿಯಾದ ಪ್ರಶ್ನೆ ಕೇಳಿದ ಹೆಣ್ಣಿನ ಬಾಯಿ ಮುಚ್ಚಿಸಲು ಆಡಿದ ಮಾತು ಅದೆಂಬುದು ಅಲ್ಲಿ ಉಳಿಯಲಿಲ್ಲ. ಮಾತು ನೀತಿವಾಕ್ಯವಾಗಿ ಊರೂರು ಸುತ್ತಿತು, ಪ್ರಶ್ನೆ ಬಿಡಾರದಲ್ಲಿಯೇ ಉಳಿಯಿತು. ಅವಳ ಮಾತನ್ನು ಅವನು ಆಲಿಸಿದ್ದರೆ ಈ ದುರಂತವೇ ನಡೆಯುತ್ತಿರಲಿಲ್ಲ.

ಮುಂದೆ ಅವನು ಭ್ರಮೆಯಲ್ಲಿ ಪಶುಗಳನ್ನು ಎಳೆದು ತಂದು ಬಿಡಾರದೊಳಗೆ ಕಡಿಯತೊಡಗಿದಾಗ, ಮಗುವಿಗೆ ಏನಾದೀತೋ ಎಂದು ಹೆದರಿ ಅದನ್ನು ಮೊದಲೇ ಬೇರೆಡೆ ಕಳುಹಿಸಿದವಳು ಟೆಕ್ಮೆಸಾ. ಅವನಿಗೆ ಅರಿವು ಮರಳಿ, ನಡೆದದ್ದೇನು ಹೇಳು ಎಂದು ಗದರಿದಾಗ ಇದ್ದದ್ದನ್ನು ಇದ್ದಂತೆ ಹೇಳಿದವಳೂ ಅವಳೇ. ಅವನು ಸಾಯಲು ನಿರ್ಧರಿಸಿದ್ದಾನೆಂದು ತಿಳಿದಾಗ ಅವಳಾಡುವ ಮಾತುಗಳು ಈ ನಾಟಕದ ಹೃದಯ. ಇಲಿಯಡ್‌ನ ಆರನೆಯ ಭಾಗದಲ್ಲಿ ಆಂಡ್ರೊಮಕಿ ತನ್ನ ಗಂಡ ಹೆಕ್ಟರನೊಡನೆ ಆಡುವ ಮಾತುಗಳ ನೆರಳು ಇದರಲ್ಲಿದೆಯೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಆದರೆ ಒಂದು ದೊಡ್ಡ ವ್ಯತ್ಯಾಸವುಂಟು. ಆಂಡ್ರೊಮಕಿಯ ತವರನ್ನು ಹಾಳುಮಾಡಿದವನು ಶತ್ರುವಾದ ಅಕಿಲೀಸ್. ಟೆಕ್ಮೆಸಾಳ ತವರನ್ನು ಹಾಳುಮಾಡಿದವನು ಎದುರಿಗೆ ಕುಳಿತ ಗಂಡನೇ. ನನ್ನ ನಾಡನ್ನು ನಾಶಮಾಡಿದವನು ನೀನು, ಈಗ ನಿನ್ನನ್ನು ಬಿಟ್ಟರೆ ನನಗೆ ಬೇರೆ ನಾಡಿಲ್ಲ ಎಂಬ ಎರಡು ಸತ್ಯಗಳನ್ನು ಅವಳು ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ನೀನು ಸತ್ತ ದಿನವೇ ನಾನೂ ನಿನ್ನ ಮಗನೂ ಇನ್ನೊಬ್ಬರ ಮನೆಯ ದಾಸ್ಯದ ಕೂಳಿಗೆ ಬೀಳುತ್ತೇವೆ ಎಂದು ಎಚ್ಚರಿಸುತ್ತಾಳೆ.

ಇದಕ್ಕೆ ಏಜಾಕ್ಸನ ಉತ್ತರವೇನು? ಮಗನನ್ನು ತರಿಸಿಕೊಂಡು ಎತ್ತಿ ಮುದ್ದಿಸುತ್ತಾನೆ. ತನ್ನ ಗುರಾಣಿ ಮಗನಿಗೆ ಸೇರಲೆನ್ನುತ್ತಾನೆ, ಉಳಿದ ಆಯುಧಗಳು ತನ್ನೊಡನೆ ಮಣ್ಣಾಗಲೆನ್ನುತ್ತಾನೆ. ಮಗನನ್ನು ಕಾಯುವ ಹೊಣೆಯನ್ನು ಮಲತಮ್ಮ ಟ್ಯೂಸರನಿಗೆ ವಹಿಸಿ, ಅವನನ್ನು ಸಲಾಮಿಸಿನ ವೃದ್ಧ ತಂದೆತಾಯಿಗಳ ಬಳಿಗೆ ಕಳುಹಿಸಬೇಕೆಂದು ವಿಧಿಸುತ್ತಾನೆ. ಇದೊಂದು ಬಗೆಯ ಮರಣಶಾಸನ. ಅದರಲ್ಲಿ ಟೆಕ್ಮೆಸಾಳಿಗೆ ಏನೂ ಇಲ್ಲ. ಬಾಗಿಲು ಹಾಕು, ಅಳಬೇಡ ಎಂಬ ಅಪ್ಪಣೆಯ ಹೊರತು. ಮುಂದೆ ಒಮ್ಮೆ ಅವಳ ವೈಧವ್ಯವನ್ನು ನೆನೆದು ಮನ ಕರಗಿತೆಂದು ಹೇಳುತ್ತಾನೆ. ಆದರೆ ಆ ಮಾತನ್ನು ಕೇಳಿ ಎಲ್ಲರೂ ನೆಮ್ಮದಿಗೊಂಡಾಗ ಅವನು ಕಡಲ ತೀರಕ್ಕೆ ಸಾಯಲು ಹೋಗುತ್ತಾನೆ. ಅಲ್ಲಿ ಒಂಟಿಯಾಗಿ ನಿಂತು ದೇವತೆಗಳನ್ನು ಕರೆಯುತ್ತಾನೆ, ಸೂರ್ಯನನ್ನು ಕರೆಯುತ್ತಾನೆ, ತಂದೆತಾಯಿಗಳನ್ನು ನೆನೆಯುತ್ತಾನೆ, ಟ್ರಾಯ್ ಬಯಲಿನ ಚಿಲುಮೆಗಳಿಗೂ ನದಿಗಳಿಗೂ ವಿದಾಯ ಹೇಳುತ್ತಾನೆ. ಟೆಕ್ಮೆಸಾಳ ಹೆಸರೆತ್ತುವುದಿಲ್ಲ.

ಅವನಿಗೆ ಅಪಾಯವಿದೆಯೆಂದು ದೂತನಿಂದ ತಿಳಿದ ಕ್ಷಣದಲ್ಲಿ ಜನರನ್ನು ಹುರಿದುಂಬಿಸಿ, ಕೆಲವರನ್ನು ಟ್ಯೂಸರನ ಬಳಿಗೆ, ಕೆಲವರನ್ನು ಪೂರ್ವದ ಕೊಲ್ಲಿಗೆ, ಕೆಲವರನ್ನು ಪಶ್ಚಿಮದ ಕೊಲ್ಲಿಗೆ ಅಟ್ಟಿದವಳು ಅವಳು. ಶವವನ್ನು ಮೊದಲು ಕಂಡವಳೂ ಅವಳೇ. ಕಂಡೊಡನೆ ಮಾಡಿದ ಕೆಲಸ, ಬಟ್ಟೆಯಿಂದ ಅದನ್ನು ಪೂರ್ತಿಯಾಗಿ ಮುಚ್ಚಿದ್ದು. ಅವನನ್ನು ಪ್ರೀತಿಸಿದ ಯಾರೂ ಈ ಸ್ಥಿತಿಯಲ್ಲಿ ಅವನನ್ನು ನೋಡಲಾರರು ಎಂಬುದು ಅವಳು ಕೊಡುವ ಕಾರಣ. ಆ ಬಳಿಕ ಅವಳು ಕೆಲವು ಮಾತುಗಳನ್ನು ಆಡುತ್ತಾಳೆ; ಸಲಾಮಿಸಿನ ನಾವಿಕರೊಡನೆ ಗೋಳಿಡುತ್ತಾಳೆ. ಟ್ಯೂಸರ್ ಬಂದು, ಮಗುವನ್ನು ಬೇಗ ಕರೆತಾ ಎನ್ನುತ್ತಾನೆ. ಹೋಗುತ್ತಾಳೆ.

ಅಲ್ಲಿಂದ ಮುಂದೆ ಟೆಕ್ಮೆಸಾಳಿಗೆ ಮಾತಿಲ್ಲ. ನಾಟಕದಲ್ಲಿ ಸುಮಾರು 1420 ಸಾಲುಗಳಿವೆ. ಕೊನೆಯ 400ಕ್ಕೂ ಹೆಚ್ಚು ಸಾಲುಗಳಲ್ಲಿ ಅವಳದು ಒಂದೂ ಇಲ್ಲ. ಮಗುವಿನೊಡನೆ ಮರಳಿ ಬಂದು ಶವದ ಬಳಿ ಕುಳಿತಿರುತ್ತಾಳೆ, ಅಷ್ಟೇ. ಇದಕ್ಕೆ ರಂಗಭೂಮಿಯ ಕಾರಣವೊಂದಿದೆ. ಗ್ರೀಕ್ ದುರಂತ ನಾಟಕದಲ್ಲಿ ಮಾತಾಡುವ ನಟರು ಮೂವರೇ, ಎಲ್ಲರೂ ಗಂಡಸರು. ಮುಖವಾಡ ಬದಲಿಸಿಕೊಂಡು ಎಲ್ಲ ಪಾತ್ರಗಳನ್ನೂ ಅವರೇ ಹಂಚಿಕೊಳ್ಳಬೇಕು. ಕೊನೆಯ ದೃಶ್ಯದಲ್ಲಿ ಟ್ಯೂಸರ್, ಅಗಮೆಮ್ನಾನ್, ಒಡಿಸ್ಯೂಸ್ ಮೂವರೂ ಮಾತಾಡಬೇಕಾದುದರಿಂದ ಟೆಕ್ಮೆಸಾಳ ಮುಖವಾಡ ಮಾತಿಲ್ಲದ ನಾಲ್ಕನೆಯವನೊಬ್ಬನಿಗೆ ಹೋಗುತ್ತದೆ. ಆದರೆ ಸೊಫೊಕ್ಲೀಸ್ ಅವಳನ್ನು ಮರೆಯಲ್ಲಿ ಇರಿಸಬಹುದಾಗಿತ್ತು. ಇರಿಸಲಿಲ್ಲ. ಎಲ್ಲರ ಕಣ್ಣೆದುರಿಗೆ ಕೂರಿಸಿದ. ಇದನ್ನು ನಾವು ಮರೆಯಬಾರದು.

ಅವಳು ಕುಳಿತ ಜಾಗದಿಂದ ಆ ವಾದವನ್ನು ಒಮ್ಮೆ ಕೇಳಿ ನೋಡಿ. ಸಂಸ್ಕಾರ ಕೂಡದೆಂದು ಅಗಮೆಮ್ನಾನ್ ಅಬ್ಬರಿಸುತ್ತಾನೆ. ಎದುರು ನಿಂತ ಟ್ಯೂಸರನನ್ನು ಹಳಿಯಲು ಅವನಿಗೆ ಸಿಕ್ಕ ಬೈಗುಳ ಯಾವುದು? ಸೆರೆಯಾಳು ಹೆಣ್ಣಿನ ಮಗ ಎಂಬುದು. ನಿನ್ನ ಪರವಾಗಿ ಮಾತಾಡಲು ಸ್ವತಂತ್ರನಾದವನೊಬ್ಬನನ್ನು ಕರೆತಾ, ಅನಾಗರಿಕರ ನುಡಿ ನನಗೆ ಅರ್ಥವಾಗುವುದಿಲ್ಲ ಎಂದು ಹಂಗಿಸುತ್ತಾನೆ. ಟ್ಯೂಸರನ ತಾಯಿ ಹೆಸಿಯೋನೆ ಟ್ರಾಯ್ ರಾಜಕುಮಾರಿ, ಯುದ್ಧದ ಬಹುಮಾನವಾಗಿ ಬಂದವಳು. ಮಾತು ಅವನಿಗೆ ತಗುಲಬೇಕೆಂದು ಎಸೆದದ್ದು. ಆದರೆ ನಾಲ್ಕು ಹೆಜ್ಜೆಯ ಆಚೆ ಇನ್ನೊಬ್ಬ ಸೆರೆಯಾಳು, ಇನ್ನೊಬ್ಬ ಸೆರೆಯಾಳಿನ ಮಗನ ಕೈ ಹಿಡಿದು ಕುಳಿತಿದ್ದಾಳೆ. ಟ್ಯೂಸರ್ ಸುಮ್ಮನಿರುವನೇ? ನಿನ್ನ ಅಜ್ಜ ಪೆಲಾಪ್ಸನೂ ಫ್ರಿಜಿಯಾದ ಅನಾಗರಿಕನೇ ಎಂದು ತಿರುಗಿಸಿ ಹೊಡೆಯುತ್ತಾನೆ. ಫ್ರಿಜಿಯಾ ಟೆಕ್ಮೆಸಾಳ ತವರು! ಶತ್ರುವಿನ ಬೈಗುಳವೂ ಅವಳ ಮೇಲೆಯೇ ಬಿತ್ತು, ಮೈದುನನ ಬೈಗುಳವೂ ಅವಳ ಮೇಲೆಯೇ ಬಿತ್ತು. ಅವಳ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. ಸಾವಿನ ಮನೆಯ ಜಗಲಿಯ ಮೇಲೆ ಕರ್ಮ ಯಾರು ಮಾಡಬೇಕೆಂದು ಗಂಡಸರು ಏರುದನಿಯಲ್ಲಿ ವಾದಿಸುವುದನ್ನೂ, ನಡುಮನೆಯ ಬಾಗಿಲ ಮರೆಯಲ್ಲಿ ಕುಳಿತವಳಿಗೆ ಪ್ರತಿಯೊಂದು ಮಾತೂ ಕೇಳಿಸುತ್ತಿರುವುದನ್ನೂ ನಮ್ಮ ಬಂಧುವರ್ಗದ ಹಿರಿಯರು ಕಾಣದವರೇನಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಇಂತಹ ಪಾತ್ರವನ್ನು ಮತ್ತೆ ಹೇಳುವಾಗ ಎರಡು ಸುಲಭದ ದಾರಿಗಳು ಕಾಣುತ್ತವೆ. ಒಂದು, ಅವಳನ್ನು ಕಣ್ಣೀರಿನ ಪತಿವ್ರತೆಯನ್ನಾಗಿ ಮಾಡುವುದು. ಅವನು ತನ್ನ ನಾಡನ್ನು ಸುಟ್ಟದ್ದನ್ನು ಅವಳು ಮರೆತೇಬಿಟ್ಟಿದ್ದಾಳೆ ಎಂಬಂತೆ ಬರೆಯುವುದು. ಇನ್ನೊಂದು, ಅವಳನ್ನು ಸೇಡಿನ ಮೂರ್ತಿಯನ್ನಾಗಿ ಮಾಡುವುದು. ಅವನು ಅವಳ ಏಕೈಕ ಆಸರೆಯಾಗಿದ್ದನೆಂಬುದನ್ನು ನಾವು ಮರೆತುಬಿಡುವುದು. ಮೊದಲನೆಯದು ಹಳಬರ ದಾರಿ, ಎರಡನೆಯದು ಈಗಿನವರ ದಾರಿ. ಎರಡರಲ್ಲಿಯೂ ಅವಳು ತಾನೇ ಹೇಳಿದ ಎರಡು ಸತ್ಯಗಳಲ್ಲಿ ಒಂದನ್ನು ಅವಳಿಂದ ಕಸಿದುಕೊಳ್ಳುತ್ತೇವೆ. ಅವಳಿಗೆ ದನಿ ಕೊಡುತ್ತೇವೆಂದು ಹೇಳಿ ಅವಳ ದನಿಯನ್ನೇ ಅರ್ಧಮಾಡುತ್ತೇವೆ. ಅಗಮೆಮ್ನಾನ್ ಅವಳನ್ನು ನೋಡಲಿಲ್ಲ. ನಾವು ನೋಡಿಯೂ ನಮಗೆ ಬೇಕಾದವಳನ್ನು ಮಾತ್ರ ನೋಡಿದರೆ ಹೆಚ್ಚೇನು ಬದಲಾದಂತಾಯಿತು?

ತಲೆಯೆತ್ತಿ ನಡೆದುಹೋಗುವ ಟೆಕ್ಮೆಸಾ ಓದುಗರಿಗೆ ಹಿತವಾಗುತ್ತಾಳೆ, ನಿಜ. ಆದರೆ ಅವಳು ನಡೆದು ಹೋಗುವುದಾದರೂ ಎಲ್ಲಿಗೆ? ಹಿಂದೆ ಸುಟ್ಟ ನಾಡು, ಮುಂದೆ ಕಡಲು, ಸುತ್ತಲೂ ಗೆದ್ದವರ ಬಿಡಾರಗಳು. ನಾನು ಪ್ರೌಢಶಾಲೆಯಲ್ಲಿದ್ದಾಗ ಪಠ್ಯದಲ್ಲಿ ಇಲ್ಲದಿದ್ದರೂ ಬಿಡುವಿನ ತರಗತಿಗಳಲ್ಲಿ ಈ ಕಥೆಯನ್ನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಖಡ್ಗವನ್ನು ಮರಳಿನಲ್ಲಿ ಹೇಗೆ ನೆಟ್ಟ, ಅದು ಬೀಳಲಿಲ್ಲವೇ ಎಂದು ಹುಡುಗರು ಪ್ರತಿ ವರ್ಷವೂ ಕೇಳುತ್ತಿದ್ದರು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲನೆ ಎದ್ದು, “ಆ ರಾತ್ರಿ ಅವಳೂ ಮಗುವೂ ಎಲ್ಲಿ ಮಲಗಿದರು ಸಾರ್?” ಎಂದು ಕೇಳಿದಳು. ನಾಟಕ ಅದನ್ನು ಹೇಳುವುದಿಲ್ಲಮ್ಮ ಎಂದೆ. ನಾಟಕ ಹೇಳದಿರುವುದು ಆ ಒಂದನ್ನೇ. ಮರುಕಥನ ಮಾಡುವವರು ಉತ್ತರಿಸಬೇಕಾದ ಪ್ರಶ್ನೆಯೂ ಅದೇ ಎಂದು ನಾನು ತಿಳಿದಿದ್ದೇನೆ.

ಇದು ಪುಸ್ತಕದ ಮಾತಷ್ಟೇ ಅಲ್ಲವೆಂಬುದಕ್ಕೆ ಒಂದು ನಿದರ್ಶನ. 2008ರಲ್ಲಿ ಬ್ರಯಾನ್ ಡೋರೀಸ್ ಎಂಬ ಅಮೆರಿಕದ ರಂಗ ನಿರ್ದೇಶಕರು ಈ ನಾಟಕದ ಭಾಗಗಳನ್ನು ಸ್ಯಾನ್ ಡಿಯಾಗೋ ನಗರದಲ್ಲಿ ಮರೀನ್ ಸೈನಿಕರ ಹಾಗೂ ಅವರ ಮನೆಯವರ ಮುಂದೆ ನಟರಿಂದ ಓದಿಸಿದರು. ಇರಾಕ್ ಮತ್ತು ಆಫ್ಘಾನಿಸ್ತಾನದ ಯುದ್ಧಗಳು ನಡೆಯುತ್ತಿದ್ದ ಕಾಲ ಅದು. ಓದಿನ ಬಳಿಕ ನಡೆದ ಸಂವಾದದಲ್ಲಿ ಸೈನಿಕನೊಬ್ಬನ ಹೆಂಡತಿ ಎದ್ದು ನಿಂತು, ತನ್ನ ಗಂಡನೂ ಪ್ರತಿ ಸಲ ಯುದ್ಧದಿಂದ ಮರಳುವಾಗ ಏಜಾಕ್ಸನಂತೆ ಕಣ್ಣಿಗೆ ಕಾಣದ ಹೆಣಗಳನ್ನು ಮನೆಯೊಳಕ್ಕೆ ಎಳೆದು ತರುತ್ತಿದ್ದನೆಂದು ಹೇಳಿದಳು. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದಿನ ಟೆಕ್ಮೆಸಾಳನ್ನು ಗುರುತಿಸಲು ಆಕೆಗೆ ಯಾವ ಟಿಪ್ಪಣಿಯೂ ಬೇಕಾಗಲಿಲ್ಲ. ಅವಳು ಗುರುತಿಸಿದ್ದು ಶಪಿಸುವ ಹೆಣ್ಣನ್ನಲ್ಲ, ಪೂಜಿಸುವ ಹೆಣ್ಣನ್ನೂ ಅಲ್ಲ. ಅಪಾಯವೂ ಆಸರೆಯೂ ಒಬ್ಬನೇ ಆಗಿರುವ ಮನೆಯಲ್ಲಿ ಕಣ್ಣು ಮುಚ್ಚದೆ ಇರುಳು ಕಳೆದ ಹೆಣ್ಣನ್ನು.

ಇತಿಹಾಸ ಅವಳ ಲೆಕ್ಕವನ್ನು ಹೇಗೆ ಬರೆಯಿತೆಂಬುದನ್ನೂ ನೋಡಿ. ಅಥೆನ್ಸ್ ನಗರದ ಹತ್ತು ಕುಲವಿಭಾಗಗಳಲ್ಲಿ ಒಂದಕ್ಕೆ ಏಜಾಕ್ಸನ ಹೆಸರಿತ್ತು. ಮಗ ಯೂರಿಸಾಕೀಸನಿಗೆ ಅದೇ ನಗರದಲ್ಲಿ ಪೂಜಾಸ್ಥಾನವಿತ್ತು. ತಂದೆತಾಯಿಗಳಿಬ್ಬರೂ ಅಥೆನ್ಸಿನವರಾದರೆ ಮಾತ್ರ ಮಗನಿಗೆ ಪೌರತ್ವವೆಂದು ಕ್ರಿ.ಪೂ. 451ರಲ್ಲಿ ಪೆರಿಕ್ಲೀಸನು ಕಾನೂನು ಮಾಡಿದ ನಗರ ಅದು. ಆ ಕಾನೂನಿನ ತಕ್ಕಡಿಯಲ್ಲಿ ತೂಗಿದರೆ ಅವರು ಪೂಜಿಸುತ್ತಿದ್ದ ಯೂರಿಸಾಕೀಸನೇ ಹೊರಗಿನವನಾಗುತ್ತಿದ್ದ. ಆ ಪೂಜೆಗೆ ಅವನನ್ನು ಉಳಿಸಿಕೊಟ್ಟವಳು, ಕಡಿಯುವ ಖಡ್ಗದ ಎದುರಿನಿಂದ ಅವನನ್ನು ಬಚ್ಚಿಟ್ಟ ಪರದೇಶದ ತಾಯಿ.

ಆದ್ದರಿಂದ ನನ್ನ ವಿದ್ಯಾರ್ಥಿನಿಗೆ ನನ್ನ ಸಲಹೆ ಇಷ್ಟೇ. ಶವದ ಮೇಲೆ ಹೊದಿಸಿದ ಆ ಬಟ್ಟೆಯನ್ನು ಟೆಕ್ಮೆಸಾಳ ಕೈಯಿಂದ ಕಸಿಯಬೇಡ. ಅದು ದಾಸ್ಯದ ಗುರುತಲ್ಲ; ಆ ದಿನ ಆ ತೀರದಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಅವಳು ತಾನಾಗಿ ಮಾಡಿದ ಕೆಲಸ. ಸಂಸ್ಕಾರಕ್ಕೆ ಒಪ್ಪಿಗೆ ದೊರಕಿಸಲು ಗಂಡಸರು ನಾನೂರು ಸಾಲು ವಾದಿಸಿದರು. ಅದರ ಮೊದಲ ಕ್ರಿಯೆಯನ್ನು ಅವಳು ಅದಕ್ಕೂ ಮುನ್ನವೇ ಮಾಡಿ ಮುಗಿಸಿದ್ದಳು. ಹೊಸ ಕಥೆ ಕಟ್ಟುವ ಅಗತ್ಯವಿಲ್ಲ. ಕುರ್ಚಿಯನ್ನು ಸ್ವಲ್ಪ ಸರಿಸಿ ಅವಳ ಪಕ್ಕದಲ್ಲಿ ಹಾಕಿಕೊಂಡರೆ ಸಾಕು. ನಿನ್ನ ನಾಟಕ ಅವಳ ಮಾತು ನಿಂತ ಕಡೆಯಿಂದ ಆರಂಭವಾಗಲಿ. ವಾದ ನಡೆಯುತ್ತಿರಲಿ, ಬೈಗುಳಗಳು ಬಂದು ಬೀಳುತ್ತಿರಲಿ. ಅವಳು ಮಗುವಿನ ತಲೆ ಸವರುತ್ತ, ಈ ಸಂಜೆ ಯಾವ ನಾವಿಕನನ್ನು ನಂಬಬಹುದು, ಟ್ಯೂಸರನ ಮಾತಿಗೆ ಎಷ್ಟು ದಿನದ ಬೆಲೆ, ಸಲಾಮಿಸಿನ ಅತ್ತೆ ಮಗನೊಡನೆ ತನ್ನನ್ನೂ ಒಳಗೆ ಕರೆದಾಳೇ ಎಂದು ಲೆಕ್ಕ ಹಾಕುತ್ತಿರಲಿ. ಅಲ್ಲಿ ಕೋಪ ಬರಬೇಕಾದರೆ ತಾನಾಗಿಯೇ ಬರುತ್ತದೆ. ನಾವು ಹೊರಗಿನಿಂದ ತಂದು ತುಂಬಬೇಕಾಗಿಲ್ಲ.

ಶ್ರೀಯವರ ‘ಅಶ್ವತ್ಥಾಮನ್’ ಹಳಗನ್ನಡದ ಜಾಡಿನಲ್ಲಿರುವುದರಿಂದ ಮೊದಲಿಗೆ ತುಸು ಕಷ್ಟವೆನಿಸಬಹುದು. ಎರಡನೆಯ ಸಲ ಓದುವಾಗ ದಾರಿ ತೆರೆದುಕೊಳ್ಳುತ್ತದೆ. ಹಾಗೆ ಓದುವಾಗ ಭಾರ್ಗವಿ ಮಾತಾಡುವಲ್ಲಿ ಮಾತ್ರವಲ್ಲ, ಮಾತಾಡದೆ ಇರುವಲ್ಲಿಯೂ ಪುಟದ ಮೇಲೆ ಬೆರಳಿಟ್ಟು ಒಂದು ಕ್ಷಣ ನಿಲ್ಲಿ. ನನ್ನ ಅಭಿಪ್ರಾಯವನ್ನು ಒಪ್ಪದವರು ನಿಮ್ಮಲ್ಲಿ ಖಂಡಿತ ಇರುತ್ತೀರಿ. ತರಗತಿಯಲ್ಲಿದ್ದಾಗ ಎದ್ದು ನಿಂತು ವಾದಿಸುತ್ತಿದ್ದಂತೆಯೇ ಈಗಲೂ ಸಂಕೋಚವಿಲ್ಲದೆ ಬರೆಯಿರಿ. ಆ ತಾಯಿ ಮಕ್ಕಳು ಅಂದಿನ ರಾತ್ರಿಯನ್ನು ಎಲ್ಲಿ ಕಳೆದರೆಂಬುದನ್ನು ಮಾತ್ರ ಮರೆಯದೆ ಬರೆಯಿರಿ.